ಏಳು ಸೂಜಿ, ಹದಿಮೂರು ನಿಮಿಷ

ಭೌತಶಾಸ್ತ್ರದ ಮೇಷ್ಟ್ರು ಬರಲಿಲ್ಲ.
ಹಲ್ಲುನೋವೋ, ಹಿಮದಲ್ಲಿ ಹೂತ ಬಸ್ಸೋ, ಯಾರಿಗೆ ಗೊತ್ತು.
"ಗಂಟೆ ಹೊಡೆಯೋತನಕ ಸುಮ್ಮನೆ ಕೂರಿಸಿರು, ತ್ಸಿಯಾಲಾ,
ಇನ್ನು ಹದಿಮೂರೇ ನಿಮಿಷ" ಎಂದು
ಹೆಡ್‌ಮಿಸ್ಟ್ರೆಸ್ ಮೆಟ್ಟಿಲಿಳಿದು ಹೋದರು.

ಸುಮ್ಮನೆ ಕೂರಿಸುವುದು! ಆರನೇ ಕ್ಲಾಸನ್ನು!
ನಾನು ಒಲೆಗೆ ಸೌದೆ ಒಟ್ಟುವವಳು,
ಚಿಯಾತುರಾದ ಈ ಶಾಲೆಯ ನೆಲದಿಂದ
ಗಣಿಯ ಕರಿಧೂಳನ್ನು ದಿನಕ್ಕೆರಡು ಸಲ ಒರೆಸಿ ತೆಗೆಯುವವಳು.
ಬೋರ್ಡಿನ ಮುಂದೆ ಎಂದೂ ನಿಂತವಳಲ್ಲ.
ಅಲ್ಲಿಂದ ನೋಡಿದರೆ ಮಕ್ಕಳು ಎಷ್ಟೊಂದು ಇರುತ್ತಾರೆ.

ಆಗ ಬೋಂದೋನ ಕೋಟಿನಿಂದ ಒಂದು ಗುಂಡಿ
ಟಕ್ಕೆಂದು ಬಿದ್ದು, ಉರುಳುರುಳಿ,
ನನ್ನ ಬೂಟಿನ ಮುಂದೆ ಬಂದು ಮಲಗಿತು.
ಇಪ್ಪತ್ತು ಬಾಯಿಯ ನಗು. ಬೋಂದೋನ ಕಿವಿ ಕೆಂಡ.
"ಇದನ್ನು ಹಾಕೋಕೆ ಯಾರಿಗೆ ಬರುತ್ತೆ?"
"ಅಮ್ಮನಿಗೆ" ಎಂದರು ಎಲ್ಲ.
ಕಿಟಕಿ ಪಕ್ಕದ ಎಲಿಸೋ ಮಾತ್ರ ಏನೂ ಅನ್ನಲಿಲ್ಲ.

ಏಪ್ರನ್ನಿನ ಜೇಬಿನಲ್ಲಿ ನನ್ನ ಡಬ್ಬಿ:
ಏಳು ಸೂಜಿ, ಒಂದು ಕಪ್ಪು ನೂಲಿನುಂಡೆ.
ಬೆಂಕಿಪೊಟ್ಟಣ ಹೇಗೂ ಇತ್ತು. ಮೂವರಿಗೊಂದು ಸೂಜಿ.
ಸಡಿಲ ಗುಂಡಿಗಳಿಗೆ ಹುಡುಕಾಡಬೇಕಾಗಲಿಲ್ಲ,
ಫೆಬ್ರವರಿಯಲ್ಲಿ ನಮ್ಮೂರ ಮಕ್ಕಳ ಕೋಟುಗಳೆಲ್ಲ ಅಣ್ಣಂದಿರವು.

ನೂಲು ಬೆರಳ ತುದಿಯಿಂದ ಮೊಣಕೈತನಕ, ಅದರ ಎರಡರಷ್ಟು.
ಆಸೆಪಟ್ಟು ಉದ್ದ ತೆಗೆದವರು
ಗಂಟು ಬಿಡಿಸುತ್ತಲೇ ಮದುವೆ ವಯಸ್ಸು ದಾಟುತ್ತೀರಿ.
ಎಂಜಲು ಹಚ್ಚಿ ತುದಿ ಚೂಪು ಮಾಡಿ, ನಾಚಿಕೆ ಬೇಡ,
ನಿಮ್ಮ ಮೇಷ್ಟ್ರೂ ಪುಟ ತಿರುಗಿಸೋಕೆ ಅದನ್ನೇ ಹಚ್ಚೋದು.
ಗಂಟು ಬಟ್ಟೆಯ ಒಳಗಡೆ, ಕಾಣದಂತೆ.
ಈಗ ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಡಿ.
ಕಡ್ಡಿಯ ಮೇಲಿಂದ ಹೊಲಿಯಿರಿ.

"ಯಾಕೆ?" ಎಂದ ಗೋಚಾ,
ಎಲ್ಲದಕ್ಕೂ ಯಾಕೆ ಎನ್ನುವ ಹುಡುಗ.

ಕಿಟಕಿಯಾಚೆ ತೋರಿಸಿದೆ.
ಕಣಿವೆಯ ಮೇಲೆ ತುಕ್ಕು ಹಿಡಿದ ಕೇಬಲ್ ಕಾರು,
ಅದರ ಹಗ್ಗಕ್ಕೆ ನನ್ನ ಗಂಡ ಇಪ್ಪತ್ತಾರು ವರ್ಷ ಎಣ್ಣೆ ಉಣಿಸಿದ್ದ.
ನೋಡು, ನಡುವೆ ಜೋಲುತ್ತದಲ್ಲ?
ಸೆಟೆದು ಕಟ್ಟಿದ್ದರೆ ಮೊದಲ ಹಿಮಕ್ಕೇ ಕಡಿಯುತ್ತಿತ್ತು.
ಗುಂಡಿಗೂ ಅಷ್ಟೇ ಕಣೋ. ಕೋಟಿನ ದಪ್ಪ ಅಂಚು ಬಂದು ಕೂರಲು
ಒಂದು ಕಡ್ಡಿಯಷ್ಟು ಜಾಗ ಬೇಕು.
ನಾಲ್ಕು ಸಲ ಈ ತೂತು, ನಾಲ್ಕು ಸಲ ಆ ತೂತು,
ಆಮೇಲೆ ಕಡ್ಡಿ ಎಳೆದುಬಿಡಿ.
ಗುಂಡಿಯನ್ನೆತ್ತಿ, ಅದರ ಕತ್ತಿಗೆ ಆರು ಸುತ್ತು ನೂಲು,
ಚಳಿಗೆ ಮಫ್ಲರ್ ಸುತ್ತಿದ ಹಾಗೆ.

ಸದ್ದಿಲ್ಲ. ಒಲೆಯಲ್ಲಿ ಸೌದೆ ಸಿಡಿಯುವುದು ಕೇಳಿಸಿತು.
ನಾಲಿಗೆಗಳೆಲ್ಲ ತುಟಿಯ ಮೂಲೆಯಲ್ಲಿ.
ಒಬ್ಬ ಹಿಡಿಯುವುದು, ಒಬ್ಬ ಹೊಲಿಯುವುದು,
ಇನ್ನೊಬ್ಬ ಬುದ್ಧಿ ಹೇಳುವುದು, ಅದೂ ಪಿಸುಮಾತಿನಲ್ಲಿ.
ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲಿ ಇಣುಕಿ
ಸುಮ್ಮನೆ ಕೂತಿದ್ದಾರೆಂದು ತಲೆದೂಗಿ ಹೋದರು.

ಗಂಟೆ. ಬೋಂದೋ ಎದ್ದ,
ಜೊತೆಗೇ ಕೋಟೂ ಎದ್ದಿತು.
ತೊಡೆಯ ಮೇಲಿಟ್ಟು ಹೊಲಿದಿದ್ದ, ಪ್ಯಾಂಟಿಗೂ ಸೇರಿಸಿ.

ಸಂಜೆ ಡಬ್ಬಿಯಲ್ಲಿ ಆರು ಸೂಜಿ.
ಮತ್ತೆ ಎಣಿಸಿದೆ. ಆರೇ.
ಮಂಡಿಯೂರಿ, ಟಾರ್ಚು ಹಿಡಿದು,
ಬೆಂಚುಗಳಡಿ ನೆಲವನ್ನು ಬರಿಗೈಯಲ್ಲಿ ಸವರಿದೆ,
ಚುಚ್ಚುವುದಾದರೆ ನನಗೇ ಚುಚ್ಚಲಿ ಎಂದು.
ಅಂಗೈ ಕಪ್ಪಾಯಿತು. ಸೂಜಿ ಸಿಗಲಿಲ್ಲ.
ರಾತ್ರಿಯಿಡೀ ಕಣ್ಣೊಳಗೆ ಅದೇ ನಿಂತಿತ್ತು.

ಬೆಳಿಗ್ಗೆ ನಾನು ಒಲೆ ಹಚ್ಚುವ ಮೊದಲೇ
ಎಲಿಸೋ ಬಂದು ನಿಂತಿದ್ದಳು, ತಮ್ಮನ ಕೈ ಹಿಡಿದು.
ಅವನ ಅಂಗಿಯಲ್ಲಿ ಐದು ಗುಂಡಿ, ಐದು ಬಣ್ಣ,
ಒಂದೊಂದಕ್ಕೂ ಎತ್ತರದ ಕತ್ತು.
ಒಂದು ಮಾತ್ರ ಕಾಜಕ್ಕೆ ಸಿಗದಷ್ಟು ಪಕ್ಕಕ್ಕೆ ಸರಿದಿತ್ತು.
"ಬೆಂಕಿಕಡ್ಡಿ ಮುಗಿದಿತ್ತು. ಪೊರಕೆಕಡ್ಡಿ ಇಟ್ಟೆ" ಎಂದಳು.
ಕಾಲರಿನ ಒಳಮಡಿಕೆಯಿಂದ ಸೂಜಿ ತೆಗೆದು ಚಾಚಿದಳು,
ಚೂಪು ತನ್ನ ಕಡೆಗೆ ಮಾಡಿಕೊಂಡು.

ಇಟ್ಟುಕೋ ಎಂದೆ.
ಆ ಪಕ್ಕದ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕು ಎಂದೆ.
ನನಗೆ ನೆಲ ಒರೆಸುವುದಿತ್ತು.